ಬೆಳ್ಳುಳ್ಳಿಯ ಮೈಮೇಲಿನ ಭಂಡಾರ

ಇಂಗ್ಲೆಂಡಿನ ಈಶಾನ್ಯ ಮೂಲೆಯ ಡರಮ್ ಪ್ರಾಂತದಲ್ಲಿ ನಾನು ಗೇಣಿಗೆ ಹಿಡಿದಿರುವ ತುಂಡು ನೆಲದಲ್ಲಿ, ಚಳಿಗೆ ಮುನ್ನ ಊರಿದ ಬೆಳ್ಳುಳ್ಳಿಯ ಎಸಳು ಹಿಮವನ್ನು ಸಹಿಸಿ, ವಸಂತದಲ್ಲಿ ನೀಲಿಗಲಸಿದ ಹಸುರಿನಿಂದ ನೆಟ್ಟಗೆ ನಿಲ್ಲುವುದನ್ನು ಕಾಣುವ ಸುಖಕ್ಕೆ ಎಣೆಯಾದುದು ನನಗೆ ಬೇರೊಂದಿಲ್ಲ. ಆದರೆ ಆ ಹಸುರು ಕಣ್ತುಂಬುವ ಹೊತ್ತಿಗೇ, ಮೇ ತಿಂಗಳ ಕಡೆಗೋ ಜೂನಿನ ಮೊದಲಿಗೋ, ಧಾರವಾಡದ ಕಡೆಯ ರೈತರು ಗೋದಿಯ ಮೇಲೆ ಕಂಡಾಗ ಭಂಡಾರ ರೋಗವೆನ್ನುವ ತುಕ್ಕಿನ ದಾಯಾದಿಯೊಂದು ಗಾಳಿಯೇರಿ ಬಂದಿಳಿಯುತ್ತದೆ. ಮೊದಲು ಬಿಳಿಯ ಚುಕ್ಕೆ, ಬಳಿಕ ಎಲೆಯ ನರಗಳ ಗುಂಟ ಕಿತ್ತಳೆ ವರ್ಣದ ಗುಳ್ಳೆ, ಗುಳ್ಳೆಯೊಡೆದರೆ ಬೆರಳಿಗಂಟುವ ಹುಡಿ. ರೋಗವೆಂಬುದನ್ನು ಮರೆತು ಭೂತಗನ್ನಡಿಯಲ್ಲಿ ನೋಡಿದವನು ಇದನ್ನು ಸುಂದರವೆಂದೇ ಒಪ್ಪಬೇಕು.

ಶಾಸ್ತ್ರಜ್ಞರು ಇದನ್ನು ಪುಕ್ಸೀನಿಯ ಆಲಿಯೈ ಎನ್ನುವರು. ಪುಕ್ಸೀನಿಯವೆಂಬ ಹೆಸರನ್ನು 1729ರಲ್ಲಿ ಸಸ್ಯಶಾಸ್ತ್ರಜ್ಞನಾದ ಮಿಕೇಲಿಯು ಫ್ಲಾರೆನ್ಸಿನ ಅಂಗರಚನಾಶಾಸ್ತ್ರದ ಉಪಾಧ್ಯಾಯನಾದ ಪುಚ್ಚೀನಿಯ ಗೌರವಾರ್ಥವಾಗಿ ಇಟ್ಟನು. ಗೌರವಗಳಲ್ಲಿಯೂ ಎಷ್ಟು ವಿಧ! ಪ್ರಾಚೀನ ರೋಮನರು ಗೋದಿಯ ತುಕ್ಕಿಗೆ ಅಂಜಿ, ಏಪ್ರಿಲ್ 25ರಂದು ರೋಬಿಗಸ್ ದೇವತೆಗೆ ನಾಯಿಯನ್ನು ಬಲಿಗೊಡುತ್ತಿದ್ದರು. ಗೋದಿಯ ಕಾಂಡದ ತುಕ್ಕಿಗೆ ತನ್ನ ಜೀವನಚಕ್ರವನ್ನು ಪೂರೈಸಲು ಬಾರ್ಬೆರಿ ಪೊದೆಯೂ ಬೇಕು. ನನ್ನ ತೋಟದ ತುಕ್ಕಿಗಾದರೋ ಈರುಳ್ಳಿಯ ಬಳಗವೊಂದೇ ಸಾಕು. ಜೀವಂತ ಸಸ್ಯವನ್ನಲ್ಲದೆ ಮತ್ತೇನನ್ನೂ ಉಣ್ಣದ ಈ ಅತಿಥಿಗೆ, ಜುಲೈಯಲ್ಲಿ ಬೆಳ್ಳುಳ್ಳಿಯನ್ನು ಕಿತ್ತಮೇಲೆಯೂ, ಚಳಿಗಾಲವಿಡೀ ನಿಂತಿರುವ, ಅದೇ ಬಳಗದ ಲೀಕ್ ಗಿಡಗಳು ಛತ್ರವಾಗಿ ಒದಗುವುದುಂಟು.

ಲೀಕ್ ಇಲ್ಲಿ ಬರಿಯ ತರಕಾರಿಯಲ್ಲ. ಈ ಕಲ್ಲಿದ್ದಲ ಸೀಮೆಯ ಗಣಿಗಾರರು ತೋಳಿನ ಗಾತ್ರದ ಲೀಕುಗಳನ್ನು ಬೆಳೆದು ಪ್ರದರ್ಶನಗಳಲ್ಲಿ ಪಂಥಕ್ಕಿಳಿಸಿದವರು. ಪಕ್ಕದ ತುಂಡಿನ ವೃದ್ಧರು ಆ ಪರಂಪರೆಯವರು. ಸಾರಜನಕ ಹೆಚ್ಚಾದರೆ ಎಲೆ ಮೆದುವಾಗಿ ತುಕ್ಕಿಗೆ ಬಲುಬೇಗ ವಶವಾಗುವುದೆಂಬುದನ್ನು ಅವರು ಚೆನ್ನಾಗಿ ಬಲ್ಲರು. ಬಲ್ಲವರಾಗಿಯೂ ಕೋಳಿಗೊಬ್ಬರವನ್ನು ಧಾರಾಳವಾಗಿ ಸುರಿಯುವರು. ನಾನು ಗೊಬ್ಬರದಲ್ಲಿ ಜಿಪುಣ. ತಂಪು ತೇವದ ಗಾಳಿ ಗಿಡಗಳ ನಡುವೆ ತಂಗದಂತೆ ಅಂತರವನ್ನಿಟ್ಟು ನೆಡುವೆನು, ಉದುರಿದ ಎಲೆಗಳನ್ನು ಆಯ್ದು ಹಾಕುವೆನು. ಆದರೆ ಬೆಳ್ಳುಳ್ಳಿಯ ತುಕ್ಕು ಹಿಡಿದ ಎಲೆಗಳನ್ನೆಲ್ಲ ಕಿತ್ತೊಗೆಯುವ ಆತುರಕ್ಕೆ ಮಾತ್ರ ಮನಗೊಡಲಾರೆನು: ಗಡ್ಡೆಯನ್ನು ಸುತ್ತಿದ ಕಾಗದದಂತಹ ಸಿಪ್ಪೆಯ ಒಂದೊಂದು ಪದರವೂ ಎಲೆಯೊಂದರ ಬುಡವೇ ಆಗಿರುವುದರಿಂದ, ಅರೆಹಸುರಾದ ಎಲೆಯೂ ಒಳಗಿನ ಎಸಳಿಗೆ ಅನ್ನವನ್ನು ಊಡುತ್ತ, ಹೊದಿಕೆಯನ್ನೂ ಕಾಯುತ್ತಿರುತ್ತದೆ. ಎಲೆಗಳು ತೀರ ಸೋತಾಗ ತುಸು ಮುಂಚಿತವಾಗಿ ಅಗೆದು ತೆಗೆದರಾಯಿತು. ಗಡ್ಡೆ ಕಿರಿದಾದೀತು, ರುಚಿಗೆ ಊನವಿಲ್ಲ. ಬಹುಕಾಲ ಬಾಳದ ಅಂತಹವು ನಮ್ಮ ಮನೆಯಲ್ಲಿ ಮೊದಲು ಚಟ್ನಿಪುಡಿಗೆ ಸಲ್ಲುತ್ತವೆ.

ಲೀಕಿನ ವಿಚಾರದಲ್ಲಿ ಇಷ್ಟೂ ಚಿಂತೆ ಬೇಡ. ಶರತ್ಕಾಲ ಬಲಿತು ಚಳಿ ಏರಿದಂತೆ ನಡುವಿನಿಂದ ನಿರ್ಮಲವಾದ ಹೊಸ ಎಲೆ ಮೂಡುತ್ತದೆ. ಹೊರಗಿನದನ್ನು ಸುಲಿದರೆ ಬಿಳಿಯ ದಂಟು ಪಲ್ಯಕ್ಕೆ ಸಿದ್ಧ. ಮುಂದಿನ ಬೆಳ್ಳುಳ್ಳಿಗೆಂದು ಹುರುಳಿಕಾಯಿ ತೆಗೆದ ಪಾತಿಯನ್ನು ಗೊತ್ತುಮಾಡಿದ್ದೇನೆ. ಅದು ನನ್ನ ಲೀಕುಗಳಿಂದ ಸಾಕಷ್ಟು ದೂರವಿದೆ. ಆದರೆ ಇಲ್ಲಿಯ ಗಾಳಿಯು ಪಡುವಣಿಂದ, ಆ ವೃದ್ಧರ ತುಂಡನ್ನು ದಾಟಿಯೇ, ಬೀಸುತ್ತದೆ.