ಆಟ, ಜೂಜು ಮತ್ತು ನಮ್ಮ ಮೊಮ್ಮಗ

ಸಪ್ತ ವ್ಯಸನಗಳ ಹೆಸರನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡದ ಹುಡುಗ ನಮ್ಮ ಸಮಾಜದಲ್ಲಿ ಇರಲಿಕ್ಕಿಲ್ಲ. ಆ ಏಳರಲ್ಲಿ ಮೊದಲು ಬರುವುದು ಜೂಜು. ಅದು ಒಂದು ಮನೆ ಹೊಕ್ಕರೆ ಉಳಿದ ಆರೂ ಅದರ ಬೆನ್ನು ಹಿಡಿದು ಬರುತ್ತವೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆದ್ದರಿಂದ ವ್ಯಾಪಾರಸ್ಥರಾದ ನಮ್ಮ ಮನೆಗಳಲ್ಲಿ ಇಸ್ಪೀಟಿನ ಕಟ್ಟು ಹೊಸ್ತಿಲು ದಾಟುತ್ತಿರಲಿಲ್ಲ. ದೀಪಾವಳಿಯಲ್ಲಿ ಊರಿನ ಕಟ್ಟೆಗಳ ಮೇಲೆ ರಾತ್ರಿಯಿಡೀ ಎಲೆ ಬೀಳುತ್ತಿದ್ದರೆ, ನಾವು ಮಹಾವೀರ ನಿರ್ವಾಣದ ಪೂಜೆಗೆಂದು ಬೇಗ ಮಲಗಿ ನಸುಕಿನಲ್ಲೇ ಏಳುತ್ತಿದ್ದೆವು.

ನಮ್ಮದು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಬಾಲಗಾಂವ. ಮಳೆ ಕಡಿಮೆಯ ಸೀಮೆ. ಕಚೇರಿಯ ಕಾಗದ ಮರಾಠಿ, ಮನೆಯ ಮಾತು ಕನ್ನಡ, ಕಾಳಿನ ವ್ಯಾಪಾರಕ್ಕೆ ವಿಜಯಪುರದ ಪೇಟೆ. ಇಲ್ಲಿ ಕಿರಾಣಿ ಅಂಗಡಿ ನಡೆಸುತ್ತ ನಾನು ನಲವತ್ತು ವರ್ಷ ಕಳೆದಿದ್ದೇನೆ. ನಮ್ಮ ಮನೆತನದ ಕಟ್ಟುನಿಟ್ಟಿಗೆ ಇನ್ನೂ ಒಂದು ಕಾರಣವಿತ್ತು. ನಮ್ಮ ತಂದೆಯ ಅಣ್ಣ ಅಂದರ್-ಬಾಹರ್ ಆಡಿ ಮೊದಲು ಉದ್ರಿ ವಸೂಲಿಯ ಹಣ, ಆಮೇಲೆ ಅಂಗಡಿಯ ಮಾಲು, ಕೊನೆಗೆ ಅಂಗಡಿಯನ್ನೇ ಕಳೆದುಕೊಂಡರು. ಆ ಸಾಲ ತೀರಿಸುವುದರಲ್ಲಿ ನಮ್ಮ ತಂದೆಯ ಹನ್ನೊಂದು ವರ್ಷ ಹೋದವು. ಅಂದಿನಿಂದ ನಮ್ಮಲ್ಲಿ ಎಲೆ ಎಂದರೆ ಬಾಳೆಯದು, ಇಲ್ಲವೆ ವೀಳ್ಯದ್ದು. ಮೂರನೆಯದರ ಹೆಸರೆತ್ತುವಂತಿರಲಿಲ್ಲ.

ಹೀಗಿರುವಾಗ 2024ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿರುವ ಮಗಳು ಫೋನು ಮಾಡಿ, "ಅಪ್ಪಾ, ನಿಮ್ಮ ಮೊಮ್ಮಗ ಜಾಗತಿಕ ಸ್ಪರ್ಧೆಗೆ ಆಯ್ಕೆ ಆಗ್ಯಾನ" ಎಂದಳು. ಯಾವ ಸ್ಪರ್ಧೆ ಎಂದು ಕೇಳಿದರೆ, "ಪೋಕೆಮಾನ್ ಕಾರ್ಡಿನ ಆಟ" ಎಂದಳು. ಹುಡುಗನಿಗೆ ಆಗ ಹತ್ತು ವರ್ಷ. ಊರೂರಿನ ಸ್ಪರ್ಧೆಗಳಲ್ಲಿ ವರ್ಷವಿಡೀ ಅಂಕ ಗಳಿಸಿ ಆಮಂತ್ರಣ ಪಡೆದಿದ್ದ. 88 ವರ್ಷದ ನನ್ನ ತಾಯಿ ಪಕ್ಕದಲ್ಲೇ ಜಪಮಾಲೆ ಹಿಡಿದು ಕುಳಿತಿದ್ದಳು. "ನಿಮ್ಮ ದೊಡ್ಡಪ್ಪ ಎಲಿ ಆಡಾಕ ಜತ್ತಿನ ತನಕಾ ಹೋಗತಿದ್ರು. ಇಂವ ವಿಮಾನದಾಗ ಹೊಂಟಾನೇನು?" ಎಂದು ಕೇಳಿದಳು. ಆ ಮಳೆಗಾಲ ನಾನು ಮಗಳ ಮನೆಗೆ ಹೋಗುವುದು ಮೊದಲೇ ಗೊತ್ತಾಗಿತ್ತು. ಹೊರಡುವ ದಿನ ಅವ್ವ ನನಗೊಂದು ಕೆಲಸ ಒಪ್ಪಿಸಿದಳು. ಅದು ಜೂಜೋ ಅಲ್ಲವೋ ಕಣ್ಣಾರೆ ನೋಡಬೇಕು. ಜೂಜಾಗಿದ್ದರೆ ಅಲ್ಲಿಗೇ ಬಿಡಿಸಬೇಕು.

ಓದುಗ ಬಂಧುಗಳಿಗೆ ಈ ಆಟದ ಹಿನ್ನೆಲೆ ಸ್ವಲ್ಪ ಹೇಳಬೇಕು. ಪೋಕೆಮಾನ್ ಹುಟ್ಟಿದ್ದು ಜಪಾನಿನಲ್ಲಿ, 1996ರ ಫೆಬ್ರವರಿಯಲ್ಲಿ, ಕೈಯಲ್ಲಿ ಹಿಡಿದು ಆಡುವ ವಿಡಿಯೊ ಆಟವಾಗಿ. ಬಾಲ್ಯದಲ್ಲಿ ಹುಳುಗಳನ್ನು ಹಿಡಿದು ಕೂಡಿಡುವ ಹವ್ಯಾಸವಿದ್ದ ಸತೋಶಿ ತಾಜಿರಿ ಎಂಬವರ ಕಲ್ಪನೆ ಅದು. ಅದೇ ವರ್ಷ ಅಕ್ಟೋಬರಿನಲ್ಲಿ ಕಾರ್ಡುಗಳೂ ಬಂದವು. ಕಾರ್ಡಿನ ಜಾಗತಿಕ ಸ್ಪರ್ಧೆ 2004ರಲ್ಲಿ ಅಮೆರಿಕದ ಒರ್ಲಾಂಡೊ ನಗರದಲ್ಲಿ ಆರಂಭವಾಯಿತು. 2009ರಲ್ಲಿ ವಿಡಿಯೊ ಆಟವೂ ಕೂಡಿಕೊಂಡಿತು. ಆ ವಿಡಿಯೊ ಆಟ ಹೊರತಂದ ನಿಂಟೆಂಡೊ ಕಂಪನಿಯ ಮೂಲ ನಮ್ಮಂಥ ವ್ಯಾಪಾರಸ್ಥರಿಗೆ ಕುತೂಹಲ ಹುಟ್ಟಿಸುವಂಥದು. 1889ರಲ್ಲಿ ಕ್ಯೋಟೊ ನಗರದಲ್ಲಿ ಹನಾಫುದ ಎಂಬ ಹೂವಿನ ಚಿತ್ರದ ಎಲೆಗಳನ್ನು ತಯಾರಿಸುವ ಅಂಗಡಿಯಾಗಿ ಅದು ಶುರುವಾಯಿತು. ಆ ಎಲೆಗಳನ್ನು ಜೂಜಿಗೂ ಬಳಸುತ್ತಿದ್ದರು. ಅಂದಮೇಲೆ ಅವ್ವನ ಸಂಶಯ ಬುಡವಿಲ್ಲದ್ದೇನೂ ಅಲ್ಲ.

ಆಗಸ್ಟ್ 16ರಿಂದ 18ರವರೆಗೆ ಹವಾಯಿ ರಾಜ್ಯದ ಹೊನೊಲುಲು ನಗರದ ಸಭಾಭವನದಲ್ಲಿ ಸ್ಪರ್ಧೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ವಿಮಾನದಲ್ಲಿ ಸುಮಾರು ಐದು ತಾಸು. ಚಾತುರ್ಮಾಸದ ದಿನಗಳು. ಅಲ್ಲಿ ಸೂರ್ಯಾಸ್ತ ಸುಮಾರು ಏಳು ಗಂಟೆಗೆ ಎಂದು ಮೊದಲೇ ನೋಡಿಕೊಂಡು, ಮಗಳು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದಳು. ಬಾಲಗಾಂವದಿಂದ ನಾನು ಒಯ್ದ ರೊಟ್ಟಿ ಎರಡು ಸಮುದ್ರ ದಾಟಿಯೂ ಮುರಿದಿರಲಿಲ್ಲ.

ಸಭಾಭವನದ ಒಳಗೆ ಸಾಲುಸಾಲು ಮೇಜುಗಳು. ಮಕ್ಕಳು, ಹದಿಹರೆಯದವರು, ದೊಡ್ಡವರು ಎಂದು ಮೂರು ವಿಭಾಗ. ಜಪಾನಿನ ಮಗುವಿನ ಎದುರು ಬ್ರೆಜಿಲಿನ ಮಗು. ಭಾರತದಿಂದಲೂ ಆಟಗಾರರು ಬಂದಿದ್ದರು. ಭಾಷೆ ಬಾರದವರಿಗೆ ದುಭಾಷಿಗಳಿದ್ದರು. ತಂದೆ-ತಾಯಿಗಳಿಗೆ ಮೇಜಿನ ಹತ್ತಿರ ಪ್ರವೇಶವಿಲ್ಲ, ದೂರದಲ್ಲಿ ನಿಂತು ನೋಡಬೇಕು.

ಆಟ ಹೀಗಿದೆ. ಪ್ರತಿಯೊಬ್ಬನೂ 60 ಕಾರ್ಡುಗಳ ಕಟ್ಟನ್ನು ಮನೆಯಲ್ಲೇ ಯೋಚಿಸಿ ಜೋಡಿಸಿ ತರುತ್ತಾನೆ. ಮೂಲ ಶಕ್ತಿಯ ಕಾರ್ಡುಗಳನ್ನು ಬಿಟ್ಟರೆ ಒಂದೇ ಹೆಸರಿನವು ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ. ಕಲೆಸಿ ಏಳನ್ನು ಕೈಗೆ ತೆಗೆದುಕೊಂಡು, ಆರನ್ನು ನೋಡದೆ ಪಕ್ಕಕ್ಕಿಡುತ್ತಾರೆ. ಅವು ಬಹುಮಾನದ ಕಾರ್ಡುಗಳು. ಎದುರಾಳಿಯ ಒಂದು ಜೀವಿಯನ್ನು ಬೀಳಿಸಿದರೆ ತನ್ನ ಆರರಲ್ಲಿ ಒಂದನ್ನು ಎತ್ತಿಕೊಳ್ಳಬೇಕು, ಬಲಿಷ್ಠವಾದದ್ದು ಬಿದ್ದರೆ ಎರಡು. ಆರನ್ನೂ ಮೊದಲು ಎತ್ತಿದವನು ಗೆದ್ದ. ಮೂರು ಆಟಗಳಲ್ಲಿ ಎರಡು ಗೆದ್ದವನಿಗೆ ಪಂದ್ಯ.

ನನ್ನ ಮೊಮ್ಮಗ ಆಡಿದ್ದು ಚಾರಿಜಾರ್ಡ್ ಎಂಬ ಬೆಂಕಿಯುಗುಳುವ ಜೀವಿಯ ಕಟ್ಟು. ಎದುರಾಳಿ ಬಹುಮಾನದ ಕಾರ್ಡುಗಳನ್ನು ಎತ್ತಿದಷ್ಟೂ ಅದರ ಪೆಟ್ಟು ಬಲವಾಗುತ್ತ ಹೋಗುತ್ತದೆ. "ಬೇಕಾದ ಕಾರ್ಡೇ ಆ ಆರರೊಳಗ ಸಿಕ್ಕೊಂಡಿದ್ರ?" ಎಂದು ಕೇಳಿದೆ. "ಅದಕ್ಕ ಅಳಬಾರದು ಅಜ್ಜಾ. ಕಟ್ಟಿನಾಗ ಹುಡುಕೂ ಸರದಿ ಬಂದಾಗ ಎಣಿಸಿಬಿಡಬೇಕು. ಯಾವುದು ಇಲ್ಲ ಅಂತ ತಿಳೀತದ. ಉಳಿದದ್ದರಾಗ ಆಡಬೇಕು" ಎಂದ. ನಾವು ಅಂಗಡಿಯಲ್ಲಿ ಶಿಲ್ಕು ಮಾಲು ಎಣಿಸುವುದೂ ಇದೇ ಲೆಕ್ಕ. ಇನ್ನೂ ಮುಂದೆ ಹೋಗಿ ಹೇಳುವುದಾದರೆ, ನೋಡದೆ ಪಕ್ಕಕ್ಕಿಟ್ಟ ಆರು ಕಾರ್ಡು ನಮ್ಮ ಪೂರ್ವಕರ್ಮದಂತೆ, ಕೈಯಲ್ಲಿರುವುದನ್ನು ಆಡುವ ಬಗೆ ಪುರುಷಾರ್ಥ. ಅದೃಷ್ಟವೊಂದೇ ಆಗಿದ್ದರೆ ಅವೇ ಹೆಸರುಗಳು ವರ್ಷ ವರ್ಷ ಮೇಲಿನ ಸಾಲಿನಲ್ಲಿ ಕಾಣಿಸಿಕೊಳ್ಳುತ್ತಿರಲಿಲ್ಲ.

ನಿಯಮಗಳನ್ನು ನಾನು ಮಗಳಿಂದ ಓದಿಸಿ ಕೇಳಿದೆ. ಹಣ ಕಟ್ಟಿ ಆಡುವಂತಿಲ್ಲ. ಪಂದ್ಯದ ಸೋಲು-ಗೆಲುವನ್ನು ನಾಣ್ಯ ಚಿಮ್ಮಿ ತೀರ್ಮಾನಿಸುವಂತಿಲ್ಲ. 60 ಕಾರ್ಡುಗಳ ಪಟ್ಟಿಯನ್ನು ಮೊದಲೇ ಒಪ್ಪಿಸಬೇಕು. ತೀರ್ಪುಗಾರರು ಕಟ್ಟನ್ನು ಪಟ್ಟಿಯೊಂದಿಗೆ ತಾಳೆ ನೋಡುತ್ತಾರೆ, ಕೀರ್ದಿ-ಖಾತೆ ತಾಳೆ ನೋಡಿದಂತೆ. ಕಾರ್ಡಿನ ಬೆನ್ನಿನ ಮೇಲೆ ಗುರುತು ಇದ್ದರೆ ದಂಡ. ನಕಲಿ ಕಾರ್ಡು ನಡೆಯುವುದಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ತೂಕ-ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದು ಒಂದು, ಅಸಲಿಯೆಂದು ನಕಲಿ ಕೊಡುವ ಪ್ರತಿರೂಪಕ ವ್ಯವಹಾರ ಇನ್ನೊಂದು. ತಕ್ಕಡಿ ಹಿಡಿದವರಿಗೆ ಹೇಳಿದ ಆ ಮಾತು ಆ ಮೇಜುಗಳಿಗೂ ಒಪ್ಪುವಂತಿತ್ತು.

ಅವ್ವ ಫೋನಿನಲ್ಲಿ ಮತ್ತೊಂದು ಪ್ರಶ್ನೆ ಎತ್ತಿದಳು. "ಪ್ರಾಣಿಗಳಿಗೆ ಜಗಳ ಹಚ್ಚತಾರಂತಲ್ಲ? ಯಶೋಧರ ಕೊಂದದ್ದೂ ಹಿಟ್ಟಿನ ಕೋಳೀನ." ಜನ್ನ ಕವಿಯ ಕಾವ್ಯದ ಆ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಕೋಳಿ ಹಿಟ್ಟಿನದೇ ಆಗಿದ್ದರೂ ಕೊಲ್ಲುವ ಸಂಕಲ್ಪ ನಿಜದ್ದಾಗಿತ್ತು. ಅದಕ್ಕಾಗಿ ಯಶೋಧರ ಮತ್ತು ಅವನ ತಾಯಿ ಚಂದ್ರಮತಿ ಭವಭವಗಳಲ್ಲಿ ತೊಳಲಿದರು. ಮೊಮ್ಮಗ ಉತ್ತರಿಸಿದ: ಇಲ್ಲಿ ಯಾವುದೂ ಸಾಯುವುದಿಲ್ಲ, ಮೂರ್ಛೆ ಹೋಗುತ್ತದೆ, ವಿಡಿಯೊ ಆಟದಲ್ಲಾದರೆ ಆರೈಕೆ ಮಾಡಿಸಿ ಎಬ್ಬಿಸುತ್ತೇವೆ ಎಂದು. ಆದರೆ ಉತ್ತರ ಅಷ್ಟರಲ್ಲೇ ಮುಗಿಯದು. ಕಥೆಯ ತಿರುಳು ಹಿಟ್ಟಿನಲ್ಲಿಲ್ಲ, ಮನಸ್ಸಿನಲ್ಲಿದೆ. ಹಾಗಾಗಿ ಕಾರ್ಡಿನ ಮೇಲಿನ ಚಿತ್ರವನ್ನು ಬಿಟ್ಟು, ಆಡುವ ಮಗುವಿನ ಮುಖವನ್ನು ನೋಡಬೇಕು. ಸೋತಾಗ ಕ್ರೋಧ, ಗೆದ್ದಾಗ ಮಾನ, ಆಡುವಾಗ ಮಾಯೆ, ಕೊಳ್ಳುವಾಗ ಲೋಭ: ನಾಲ್ಕು ಕಷಾಯಗಳು ಅಲ್ಲಿ ಎಷ್ಟೆಷ್ಟು ಇವೆ ಎಂದು ನೋಡುತ್ತ ನಿಂತೆ.

ಮೊಮ್ಮಗನ ಒಂದು ಪಂದ್ಯ ಮೂರನೆಯ ಆಟಕ್ಕೆ ಬಂದಿತ್ತು. ಎದುರಿಗೆ ಅವನಿಗಿಂತ ಚಿಕ್ಕವನಂತೆ ಕಾಣುವ ಹುಡುಗ, ಇಬ್ಬರಿಗೂ ಸಾಮಾನ್ಯ ಭಾಷೆಯಿಲ್ಲ. ನಮ್ಮವನು ಇದ್ದಕ್ಕಿದ್ದಂತೆ ಎರಡು ಬೆರಳು ಎತ್ತಿ ತೋರಿಸಿದ್ದು ದೂರದಿಂದ ಕಾಣಿಸಿತು. ಆ ಹುಡುಗ ತಲೆಬಾಗಿಸಿ ಏನನ್ನೋ ಎತ್ತಿಕೊಂಡ. ಕೆಲವು ನಿಮಿಷಗಳಲ್ಲಿ ಆಟ ಮುಗಿಯಿತು, ನಮ್ಮವನು ಸೋತಿದ್ದ. ಹೊರಗೆ ಬಂದ ಮೇಲೆ ವಿಷಯ ತಿಳಿಯಿತು. ಇವನ ಚಾರಿಜಾರ್ಡನ್ನು ಬೀಳಿಸಿದ ಆ ಹುಡುಗ ಎರಡು ಬಹುಮಾನದ ಕಾರ್ಡು ಎತ್ತಬೇಕಿತ್ತು, ಗಡಿಬಿಡಿಯಲ್ಲಿ ಒಂದೇ ಎತ್ತಿದ್ದ. "ಸುಮ್ಮನಿದ್ದಿದ್ರ ನೀ ಗೆಲ್ಲತಿದ್ದೇನು?" ಎಂದು ಕೇಳಿದೆ. "ಗೊತ್ತಿಲ್ಲ ಅಜ್ಜಾ. ಆದ್ರ ಅದು ಅಂವಂದು" ಎಂದ. ಕಣ್ಣಲ್ಲಿ ನೀರಿತ್ತು, ಸಿಟ್ಟು ಇರಲಿಲ್ಲ. ಅರ್ಧ ಗೆದ್ದು ಅರ್ಧ ಸೋತು, ಮುಂದಿನ ಘಟ್ಟಕ್ಕೆ ಹೋಗದೆ ಅವನ ಸ್ಪರ್ಧೆ ಅಂದೇ ಮುಗಿಯಿತು.

ಉಳಿದ ಎರಡು ದಿನ ನಾವು ಪ್ರೇಕ್ಷಕರು. ವಿಡಿಯೊ ಆಟದ ವಿಭಾಗದಲ್ಲಿ ಪ್ರತಿಯೊಬ್ಬನೂ ಆರು ಜೀವಿಗಳ ತಂಡ ತಂದು, ಪ್ರತಿ ಆಟಕ್ಕೆ ನಾಲ್ಕನ್ನು ಆರಿಸಿ, ಎರಡೆರಡಾಗಿ ಇಳಿಸುತ್ತಾನೆ. ಎದುರಾಳಿಯ ತಂಡದ ಪಟ್ಟಿಯನ್ನು ಮೊದಲೇ ಕೈಗೆ ಕೊಟ್ಟಿರುತ್ತಾರೆ. ಅಡತಿ ಪೇಟೆಯಲ್ಲಿ ಹಿಂದೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಧಾರಣೆ ಕುದುರಿಸುತ್ತಿದ್ದ ನಮಗೆ, ಎಲ್ಲ ತೆರೆದಿಟ್ಟು ಪೈಪೋಟಿ ಮಾಡುವ ಈ ಪದ್ಧತಿ ಹೊಸದು. ಮಾಯೆ ಅಲ್ಲಿಗೂ ಬರದೆ ಇಲ್ಲ. ಹಿಂದಿನ ವರ್ಷ, 2023ರಲ್ಲಿ, ಜಪಾನಿನ ಯೋಕೊಹಾಮಾದಲ್ಲಿ ನಡೆದ ಸ್ಪರ್ಧೆಯಲ್ಲಿ, ಆಡಿ ಬೆಳೆಸದೆ ಹೊರಗಿನ ಸಾಧನಗಳಿಂದ ತಿದ್ದಿ ತಯಾರಿಸಿದ ಜೀವಿಗಳನ್ನು ತಂದಿದ್ದಕ್ಕಾಗಿ ಹಲವರನ್ನು ಅನರ್ಹಗೊಳಿಸಿದ್ದರು.

ಹೊನೊಲುಲುವಿನಲ್ಲೇ ಇನ್ನೊಂದು ಘಟನೆ ನಡೆಯಿತು. ದೊಡ್ಡವರ ಕಾರ್ಡ್ ವಿಭಾಗದ ಸೆಮಿಫೈನಲ್ ಗೆದ್ದ ಒಬ್ಬ ಆಟಗಾರ ಕ್ಯಾಮೆರಾ ಎದುರು ಅಸಭ್ಯ ಕೈಸನ್ನೆ ಮಾಡಿದ್ದಕ್ಕೆ ತೀರ್ಪುಗಾರರು ಅವನ ಗೆಲುವನ್ನೇ ರದ್ದುಮಾಡಿದರು. ಅವನೆದುರು ಸೋತಿದ್ದ ಚಿಲಿ ದೇಶದ ಫರ್ನಾಂಡೊ ಸಿಫುಯೆಂಟೆಸ್ ಫೈನಲ್ಲಿಗೆ ಹೋಗಿ ವಿಶ್ವವಿಜೇತರಾದರು. ಮನ-ವಚನ-ಕಾಯಗಳ ಮೇಲೆ ಹಿಡಿತವಿರಲಿ ಎಂದು ನಾವು ಪ್ರವಚನದಲ್ಲಿ ಕೇಳುವುದನ್ನು ಅಲ್ಲಿ ಮಕ್ಕಳು ಕಣ್ಣಾರೆ ಕಂಡರು. ವರ್ಷಗಟ್ಟಲೆ ಪಟ್ಟ ಶ್ರಮವನ್ನು ಒಂದು ಕ್ಷಣದ ಕೈ ಅಳಿಸಿಹಾಕಿತು.

ಹಾಗಾದರೆ ಜೂಜು ಎಲ್ಲಿಯೂ ಇಲ್ಲವೇ? ಇದೆ, ಆದರೆ ಆಡುವ ಮೇಜಿನ ಮೇಲಲ್ಲ, ಮಾರುವ ಅಂಗಡಿಯಲ್ಲಿ. ಕಾರ್ಡುಗಳು ಹತ್ತರ ಪಾಕೀಟಿನಲ್ಲಿ ಬರುತ್ತವೆ. ಅಮೆರಿಕದಲ್ಲಿ ಆಗ ಒಂದಕ್ಕೆ ಸುಮಾರು ನಾಲ್ಕೈದು ಡಾಲರ್. ಒಳಗೆ ಯಾವುದಿದೆ ಎಂದು ಒಡೆಯುವ ತನಕ ಗೊತ್ತಿಲ್ಲ. ಒಂದು ಅಪರೂಪದ ಕಾರ್ಡಿಗಾಗಿ ಇಪ್ಪತ್ತು, ಮೂವತ್ತು ಪಾಕೀಟು ಒಡೆಯುವ ಮಕ್ಕಳನ್ನು, ಅವರಿಗಿಂತ ಹೆಚ್ಚಾಗಿ ದೊಡ್ಡವರನ್ನು, ಅಲ್ಲಿ ನೋಡಿದೆ. ಇದು ಲಾಟರಿಯ ತಮ್ಮ. ಚಿತ್ರಸ್ಪರ್ಧೆಯ ಬಹುಮಾನವೆಂದು ಜಪಾನಿನಲ್ಲಿ ಮಕ್ಕಳಿಗೆ ಕೊಟ್ಟಿದ್ದ ಒಂದು ಬಗೆಯ ಕಾರ್ಡು 2021ರಲ್ಲಿ 52,75,000 ಡಾಲರಿಗೆ ಕೈ ಬದಲಿಸಿತು. ಇಂಥ ಸುದ್ದಿಯೇ ಪಾಕೀಟು ಒಡೆಸುವ ಆಸೆ. 2000ರ ದಶಕದಲ್ಲಿ ನನ್ನ ಅಂಗಡಿಯ ಮುಂದೆಯೇ ಇದರ ಚಿಕ್ಕ ರೂಪ ಕಂಡಿದ್ದೇನೆ. ತಿಂಡಿಯ ಪೊಟ್ಟಣದಲ್ಲಿ ಬರುತ್ತಿದ್ದ ಚಿತ್ರದ ಬಿಲ್ಲೆಗಾಗಿ ಬಾಲಗಾಂವದ ಹುಡುಗರು ಪೊಟ್ಟಣ ಕೊಂಡು, ಬಿಲ್ಲೆ ಇಟ್ಟುಕೊಂಡು, ತಿಂಡಿಯನ್ನು ಆಡಿಗೆ ಹಾಕುತ್ತಿದ್ದರು. ಈಗ ನಮ್ಮ ಜಾತ್ರೆಗಳಲ್ಲಿ ಅಗ್ಗದ ನಕಲಿ ಪೋಕೆಮಾನ್ ಪಾಕೀಟುಗಳೇ ತೂಗುಹಾಕಿರುತ್ತವೆ.

ಆಡುವವನಿಗೆ ಪಾಕೀಟು ಬೇಕಾಗಿಯೇ ಇಲ್ಲ. ಬೇಕಾದ ಕಾರ್ಡನ್ನು ಹೆಸರು ಹೇಳಿ, ಬೆಲೆ ಕೇಳಿ, ಬಿಡಿಯಾಗಿ ಕೊಳ್ಳಬಹುದು. ಅದು ಶುದ್ಧ ವ್ಯಾಪಾರ. ಮೊಮ್ಮಗನಿಗೆ ನಾವು ಮೂರು ಕಟ್ಟಳೆ ಹಾಕಿದೆವು: ಬಿಡಿ ಕಾರ್ಡು ಮಾತ್ರ ಕೊಳ್ಳಬೇಕು, ಕೊಂಡದ್ದು, ಮಾರಿದ್ದು, ಬದಲಿಸಿದ್ದು ಎಲ್ಲಕ್ಕೂ ವಹಿ ಬರೆಯಬೇಕು, ದಶಲಕ್ಷಣ ಪರ್ವದ ಹತ್ತು ದಿನ ಕಟ್ಟು ಮುಟ್ಟಬಾರದು. ಆ ವರ್ಷ ಪರ್ವ ಸೆಪ್ಟೆಂಬರ್ 8ಕ್ಕೆ ಶುರುವಾಯಿತು. ಹುಡುಗ ತಾನಾಗಿಯೇ ಕಟ್ಟನ್ನು ತಾಯಿಯ ಕೈಗೆ ಒಪ್ಪಿಸಿದ.

ನಮ್ಮ ಸಮಾಜದ ಮಕ್ಕಳು ಇಂದು ಪುಣೆ, ಬೆಂಗಳೂರುಗಳಲ್ಲಿ, ಪರದೇಶಗಳಲ್ಲಿ ಬೆಳೆಯುತ್ತಿದ್ದಾರೆ. ಅವರ ಕೈಯಲ್ಲಿ ನಾವು ಕೇಳರಿಯದ ಆಟಗಳಿವೆ. ಹೆಸರು ಕೇಳಿಯೇ ಬೇಡವೆನ್ನುವುದೂ ಸುಲಭ, ಮಗು ಸುಮ್ಮನಿದೆಯಲ್ಲ ಎಂದು ಬಿಟ್ಟುಬಿಡುವುದೂ ಸುಲಭ. ಒಂದು ದಿನ ಬಿಡುವು ಮಾಡಿಕೊಂಡು ಪಕ್ಕದಲ್ಲಿ ಕುಳಿತು, ಹಣ ಎಲ್ಲಿ ಹೋಗುತ್ತದೆ, ಸೋತಾಗ ಮಗು ಏನು ಮಾಡುತ್ತದೆ ಎಂಬ ಎರಡನ್ನು ನೋಡಿದರೆ ಸಾಕು, ಹೇಳಬೇಕಾದದ್ದು ತಾನಾಗಿ ತಿಳಿಯುತ್ತದೆ.

ಊರಿಗೆ ಮರಳಿ ಅವ್ವನ ಮುಂದೆ ಎಲ್ಲವನ್ನೂ ಒಪ್ಪಿಸಿದೆ. ಎರಡು ಬೆರಳಿನ ಸಂಗತಿಯನ್ನು ಅವಳು ಎರಡು ಸಲ ಹೇಳಿಸಿಕೊಂಡಳು. ಆಮೇಲೆ, "ಆಡಲಿ ಬಿಡು. ಪಾಕೀಟು ಮಾತ್ರ ಒಡೀಬಾರದು" ಎಂದು ಜಪಮಾಲೆ ಎತ್ತಿಕೊಂಡಳು.