ರೋಮಿನಲ್ಲಿ ಕಾಲ ಜಾರಿದ ಜಾಗ

ರೋಮ್ ನಗರವನ್ನು ನೋಡಲು ಹೋಗುವವರು ಸಾಮಾನ್ಯವಾಗಿ ಎರಡು ಬಗೆಯ ಪುಸ್ತಕಗಳನ್ನು ಒಯ್ಯುತ್ತಾರೆ. ಒಂದು, ಯಾವ ಬೀದಿಯಲ್ಲಿ ಯಾವ ಕಟ್ಟಡವಿದೆಯೆಂದು ತಿಳಿಸುವ ಕೈಪಿಡಿ. ಇನ್ನೊಂದು, ಆ ಕಟ್ಟಡವನ್ನು ಯಾವ ಚಕ್ರವರ್ತಿ ಕಟ್ಟಿಸಿದನೆಂದು ತಿಳಿಸುವ ಇತಿಹಾಸ. ಬೇಸಗೆಯ ರಜೆಯಲ್ಲಿ ನಾನು ಒಯ್ದದ್ದು ಇವೆರಡನ್ನೂ ಅಲ್ಲ. ನನ್ನ ಚೀಲದಲ್ಲಿದ್ದುದು ಹಾಳೆಗಳು ಹಳದಿಗಟ್ಟಿದ ಒಂದು ವೈಜ್ಞಾನಿಕ ರೋಮಾಂಚಕ ಕಾದಂಬರಿ. ಅಮೆರಿಕದ ಎಲ್. ಸ್ಪ್ರೇಗ್ ಡಿ ಕ್ಯಾಂಪ್ ಬರೆದ 'ಲೆಸ್ಟ್ ಡಾರ್ಕ್‌ನೆಸ್ ಫಾಲ್' 1939ರಲ್ಲಿ ಒಂದು ಕಥಾಪತ್ರಿಕೆಯಲ್ಲಿ ಅಚ್ಚಾಗಿ, 1941ರಲ್ಲಿ ಪುಸ್ತಕವಾಗಿ ಹೊರಬಂದಿತು. ಡಿ ಕ್ಯಾಂಪ್ ಓದಿದ್ದು ವಿಮಾನ ಎಂಜಿನಿಯರಿಂಗ್; ಒಲಿದದ್ದು ಪ್ರಾಚೀನ ಇತಿಹಾಸಕ್ಕೆ. ಈ ಎರಡರ ಕೂಡಿಕೆಯಿಂದ ಹುಟ್ಟಿದ ಕಾದಂಬರಿ ಹೇಗಿರಬಹುದೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ಕಥೆಯ ನಾಯಕ ಮಾರ್ಟಿನ್ ಪ್ಯಾಡ್‌ವೇ ಒಬ್ಬ ಪ್ರಾಕ್ತನಶಾಸ್ತ್ರಜ್ಞ. ಮುಸೊಲಿನಿಯ ಕಾಲದ ರೋಮಿನಲ್ಲಿ, ಪ್ಯಾಂಥಿಯಾನ್ ದೇವಾಲಯದ ಮುಂದಿನ ಚೌಕದಲ್ಲಿ ಅವನು ನಿಂತಿರುವಾಗ ಮಳೆ ಬರುತ್ತದೆ, ಸಿಡಿಲು ಬಡಿಯುತ್ತದೆ. ಕಣ್ಣು ಬಿಟ್ಟು ನೋಡಿದರೆ ಪ್ಯಾಂಥಿಯಾನ್ ಅಲ್ಲಿಯೇ ಇದೆ, ಸುತ್ತಲಿನ ಊರು ಮಾತ್ರ ಬೇರೆ. ಅವನು ಬಿದ್ದಿರುವುದು ಕ್ರಿ. ಶ. 535ನೆಯ ಇಸವಿಗೆ.

ಕಾದಂಬರಿಕಾರನು ಈ ಜಾಗವನ್ನು ಆರಿಸಿಕೊಂಡದ್ದು ಎಷ್ಟು ಉಚಿತವೆಂಬುದು ಅಲ್ಲಿ ನಿಂತಾಗಲೇ ಮನಸ್ಸಿಗೆ ಬರುತ್ತದೆ. ರೋಮಿನ ಮಿಕ್ಕ ಪುರಾತನ ಕಟ್ಟಡಗಳು ಬಹುಮಟ್ಟಿಗೆ ಎಲುಬಿನ ಹಂದರಗಳು. ಪ್ಯಾಂಥಿಯಾನ್ ಮಾತ್ರ ಮೈತುಂಬಿಕೊಂಡು ನಿಂತಿದೆ. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಎರಡನೆಯ ಶತಮಾನದ ಮೊದಲರ್ಧದಲ್ಲಿ ಮುಗಿದ ಕಟ್ಟಡ ಅದು. ಮುಖಮಂಟಪದಲ್ಲಿ ಈಜಿಪ್ಟಿನಿಂದ ತಂದ ಹದಿನಾರು ಕಲ್ಲುಗಂಬಗಳು. ಒಳಗೆ 43 ಮೀಟರಿಗೂ ಮಿಗಿಲಾದ ಅಡ್ಡಳತೆಯ ಗುಮ್ಮಟ. ನೆಲದಿಂದ ನೆತ್ತಿಗೆ ಎಷ್ಟು ಎತ್ತರವೋ ಗುಮ್ಮಟಕ್ಕೆ ಅಷ್ಟೇ ಅಗಲ. ಉಕ್ಕಿನ ಒಂದು ಸಲಾಕೆಯೂ ಇಲ್ಲದೆ ಬರಿಯ ಕಾಂಕ್ರೀಟಿನಿಂದ ಕಟ್ಟಿದ ಇಷ್ಟು ದೊಡ್ಡ ಗುಮ್ಮಟ ಲೋಕದಲ್ಲಿ ಇಂದಿಗೂ ಇನ್ನೊಂದಿಲ್ಲ. 609ರಲ್ಲಿ ಇದನ್ನು ಕ್ರೈಸ್ತ ದೇವಾಲಯವಾಗಿ ಮಾಡಿದ್ದರಿಂದ ಕಲ್ಲು ಕದಿಯುವವರ ಕೈಯಿಂದ ಬಹುಪಾಲು ಉಳಿಯಿತು. 2023ರಿಂದ ಒಳಗೆ ಹೋಗಲು ಪ್ರವಾಸಿಗಳು ಟಿಕೇಟು ಕೊಳ್ಳಬೇಕು. ಗುಮ್ಮಟದ ನೆತ್ತಿಯಲ್ಲಿ ಒಂದು ದುಂಡು ಕಿಂಡಿ. ಅದಕ್ಕೆ ಗಾಜೂ ಇಲ್ಲ, ಮುಚ್ಚಳವೂ ಇಲ್ಲ. ಅದರಿಂದಿಳಿದ ಬಿಸಿಲಿನ ಬಿಲ್ಲೆಯು ಗೋಡೆಯ ಮೇಲೆ ಮೆಲ್ಲಮೆಲ್ಲನೆ ಸರಿಯುತ್ತಿರುತ್ತದೆ. ಮಳೆ ಬಂದರೆ ನೀರು ನೇರವಾಗಿ ಒಳಗೆ ಸುರಿದು, ಅಮೃತಶಿಲೆಯ ನೆಲದಲ್ಲಿ ಕೊರೆದ ಸಣ್ಣ ರಂಧ್ರಗಳಿಂದ ಇಳಿದುಹೋಗುತ್ತದೆ.

ಹೊರಗೆ ಬಂದು, "ಸಿಡಿಲು ಬಡಿದದ್ದು ಈ ಚೌಕದಲ್ಲಿಯೇ" ಎಂದು ನಾನು ಹೇಳಿದಾಗ ನನ್ನಾಕೆ "ಬಿಡ್ತು ಅನ್ನಿ" ಎಂದು ಒಮ್ಮೆ ಆಕಾಶವನ್ನು ನೋಡಿದಳು. ಮೋಡದ ಸುಳಿವಿರಲಿಲ್ಲ. ಆ ಮೇಲೆ ಅವಳಿಗೆ ಧೈರ್ಯ ಬಂದಿತು.

"ಅಂದಹಾಗೆ, ಆ ಕಾಲಕ್ಕೆ ನೀವು ಹೋಗಿ ಬಿದ್ದಿದ್ದರೆ ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದಿರಿ? ಹಳಗನ್ನಡ ವ್ಯಾಕರಣ ಹೇಳಿಕೊಡುತ್ತಿದ್ದಿರೇನು?"

ಉತ್ತರ ಹೇಳುವುದು ಸುಲಭವಾಗಿರಲಿಲ್ಲ. ಕೇಶಿರಾಜ ಹುಟ್ಟಲು ಆಗ ಇನ್ನೂ ಏಳುನೂರು ವರ್ಷಗಳಿದ್ದವು. ದಿನಬೆಳಗಾದರೆ ನಾವು ಉಪಯೋಗಿಸುವ ಬೆಂಕಿಪೊಟ್ಟಣ, ಸಾಬೂನು, ಗಾಜು, ಗಡಿಯಾರ ಇವುಗಳಲ್ಲಿ ಯಾವುದನ್ನು ಮೊದಲಿನಿಂದ ಮಾಡಲು ನಮ್ಮಲ್ಲಿ ಎಷ್ಟು ಮಂದಿಗೆ ಬರುತ್ತದೆ? ಈ ಬಗೆಯ ಕಾದಂಬರಿಗಳು ರೋಮಾಂಚಕಾರಿಯಾಗುವುದು ಖಡ್ಗದಿಂದಲ್ಲ, ಈ ಪ್ರಶ್ನೆಯಿಂದ. ಪ್ಯಾಡ್‌ವೇ ಮೊದಲು ಮಾಡುವ ಕೆಲಸ ಒಬ್ಬ ಸಿರಿಯಾ ದೇಶದ ಲೇವಾದೇವಿಗಾರನಲ್ಲಿ ಸಾಲ ಎತ್ತುವುದು. ಎರಡನೆಯದು, ತಾಮ್ರದ ಹಂಡೆಯಿಂದ ದ್ರಾಕ್ಷಾರಸವನ್ನು ಭಟ್ಟಿಯಿಳಿಸಿ ಬ್ರಾಂದಿ ಮಾರುವುದು! ಅನಂತರ ಅಚ್ಚುಯಂತ್ರ, ವೃತ್ತಪತ್ರಿಕೆ, ಗೋಪುರದಿಂದ ಗೋಪುರಕ್ಕೆ ಸಂಜ್ಞೆ ಕಳುಹಿಸುವ ತಂತಿಯಿಲ್ಲದ ತಂತಿಯ ಏರ್ಪಾಡು. ಅಚ್ಚಿನ ಮೊಳೆಗಳು ಸಿದ್ಧವಾದರೂ ಕಾಗದವಿಲ್ಲದ ಊರಿನಲ್ಲಿ ಅಚ್ಚಿಗೆ ಬೇಕಾದಷ್ಟು ತೊಗಲನ್ನು ಹೊಂದಿಸುವುದೇ ಅವನಿಗೆ ದೊಡ್ಡ ತಲೆನೋವಾಗುತ್ತದೆ. ಸಿಡಿಮದ್ದಂತೂ ಅವನಿಗೆ ಕೊನೆಯವರೆಗೂ ಕೈಗೂಡುವುದಿಲ್ಲ. ವಿದ್ಯೆಯೊಂದು ಬೆಳಕಿಗೆ ಬರಬೇಕಾದರೆ ಅದರ ಹಿಂದೆ ಹತ್ತು ಕಸುಬುಗಳ ಕೈಗಳು ಸಿದ್ಧವಾಗಿರಬೇಕೆಂಬುದನ್ನು ಎಂಜಿನಿಯರನಾದ ಡಿ ಕ್ಯಾಂಪ್ ಬಲ್ಲ.

ಆ ಲೇವಾದೇವಿಗಾರನನ್ನು ಪ್ಯಾಡ್‌ವೇ ಒಲಿಸಿಕೊಳ್ಳುವ ಬಗೆ ನಮ್ಮವರಿಗೆ ವಿಶೇಷವಾಗಿ ಹಿಡಿಸುವಂಥದು. ರೋಮನರ ಅಕ್ಷರಸಂಖ್ಯೆಗಳಿಂದ ಗುಣಾಕಾರ ಮಾಡುವುದು ಪ್ರಾಣಸಂಕಟ. ಮಣಿಹಲಗೆಯಿಲ್ಲದೆ ಲೆಕ್ಕ ಸಾಗದು. ಪ್ಯಾಡ್‌ವೇ ಅವನಿಗೆ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು, ಅವುಗಳ ಸ್ಥಾನಬೆಲೆಯನ್ನು ಕಲಿಸುತ್ತಾನೆ. ಪ್ರತಿಫಲವಾಗಿ ಸಾಲ ಹುಟ್ಟುತ್ತದೆ. ಆ ಅಂಕಿಗಳ ತೌರುಮನೆ ಭಾರತವೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ವಿಚಿತ್ರವೆಂದರೆ, ನಿಜವಾದ ಇತಿಹಾಸದಲ್ಲಿಯೂ ಭಾರತೀಯರ ಒಂಬತ್ತು ಅಂಕಿಗಳನ್ನು ಹೊಗಳಿ ಬರೆದ ಪಶ್ಚಿಮದ ಮೊದಲಿಗರಲ್ಲಿ ಒಬ್ಬನು ಸಿರಿಯಾದವನೇ. 662ರಲ್ಲಿ ಬರೆದ ಸೆವೆರಸ್ ಸೆಬೊಖ್ತ್ ಎಂಬ ಬಿಷಪ್ಪನು. ಇಟಲಿಯ ವರ್ತಕರ ಕೈಗೆ ಅವು ಚೆನ್ನಾಗಿ ಹತ್ತಿದ್ದು 1202ರಲ್ಲಿ ಫಿಬೊನಾಚಿ ತನ್ನ ಗಣಿತಗ್ರಂಥವನ್ನು ಬರೆದ ಮೇಲೆ. "ಹಾಗಾದರೆ ನೀವು ಮಗ್ಗಿ ಹೇಳಿಕೊಟ್ಟಾದರೂ ಬದುಕಬಹುದಾಗಿತ್ತು" ಎಂದು ನನ್ನಾಕೆ ಸಮಾಧಾನ ಹೇಳಿದಳು.

ಪ್ಯಾಂಥಿಯಾನಿನಿಂದ ಫೋರಂ ಮೈದಾನಕ್ಕೆ ನಡೆದೇ ಹೋಗಬಹುದು. ಮುರಿದ ಕಂಬಗಳ ನಡುವೆ ಮ್ಯಾಕ್ಸೆಂಟಿಯಸನ ಸಭಾಭವನದ ಮೂರು ಮಹಾಕಮಾನುಗಳು ಎದ್ದು ನಿಂತಿವೆ. ಅದರ ಅಡಿಯಲ್ಲಿ ಅದಕ್ಕಿಂತ ಹಳೆಯ ಮೆಣಸಿನ ಉಗ್ರಾಣಗಳಿದ್ದವು. ಹಿಂದೂ ಮಹಾಸಾಗರವನ್ನು ದಾಟಿ, ನಮ್ಮ ಪಶ್ಚಿಮದ ಕರಾವಳಿಯಿಂದ ಬಂದ ಕರಿಮೆಣಸು ಅಲ್ಲಿ ಸೇರುತ್ತಿತ್ತು. 408ರಲ್ಲಿ ಗಾಥ್ ದೊರೆ ಅಲಾರಿಕ್ ರೋಮಿಗೆ ಮುತ್ತಿಗೆ ಹಾಕಿ ಕೇಳಿದ ಕಪ್ಪಕಾಣಿಕೆಯಲ್ಲಿ ಚಿನ್ನ ಬೆಳ್ಳಿಗಳ ಜೊತೆಗೆ 3000 ಪೌಂಡು ಮೆಣಸೂ ಇತ್ತೆಂಬುದು ಪ್ರಸಿದ್ಧ.

ಆದರೆ ಪ್ಯಾಡ್‌ವೇ ಬಂದಿಳಿದಾಗ ರೋಮನ್ನು ಆಳುತ್ತಿದ್ದವರು ಅದೇ ಗಾಥರ ಇನ್ನೊಂದು ಶಾಖೆಯವರು. ಅವರ ಆಳ್ವಿಕೆ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಸೆನೆಟ್ ಸಭೆ ಉಳಿದಿತ್ತು. ಕಾಲುವೆಗಳಲ್ಲಿ ನೀರು ಹರಿಯುತ್ತಿತ್ತು. ನಗರವನ್ನು ನಿಜವಾಗಿ ಹಾಳುಮಾಡಿದ್ದು ಅದನ್ನು ಉದ್ಧಾರ ಮಾಡಹೊರಟ ಯುದ್ಧ. ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ ಜಸ್ಟಿನಿಯನ್ ಇಟಲಿಯನ್ನು ಮರಳಿ ಗೆಲ್ಲಬೇಕೆಂದು 535ರಲ್ಲಿ ಹೂಡಿದ ಸಮರವು ಸುಮಾರು ಇಪ್ಪತ್ತು ವರ್ಷ ಸಾಗಿತು. ಮುಂದೆ ಆಗುವುದನ್ನೆಲ್ಲ ಪ್ರೊಕೋಪಿಯಸನ ಇತಿಹಾಸದಿಂದ ಓದಿಕೊಂಡು ಬಂದಿರುವ ಪ್ಯಾಡ್‌ವೇ ಗಾಥರ ಪಕ್ಷವನ್ನು ಹಿಡಿಯುವುದು ಇದಕ್ಕಾಗಿಯೇ. ತನ್ನ ಅಚ್ಚುಯಂತ್ರವನ್ನೂ ಅಂಕಿಗಳನ್ನೂ ಉಳಿಸಿಕೊಳ್ಳಬೇಕಾದರೆ ಮೊದಲು ಊರು ಉಳಿಯಬೇಕಷ್ಟೆ.

ಆ ಯುದ್ಧದ ಗುರುತನ್ನು ನೋಡಬೇಕೆಂದು ನಾವು ಊರಿನ ಆಗ್ನೇಯದ ಕೋಟೆಗೋಡೆಗೆ ಹೋದೆವು. ಸಂತ ಜಾನ್ ಲ್ಯಾಟರನ್ ದೇವಾಲಯದ ಸಮೀಪದಲ್ಲಿ, ಇಂದಿನ ರಸ್ತೆಗಿಂತ ತಗ್ಗಿನಲ್ಲಿ, ಎರಡು ದುಂಡು ಗೋಪುರಗಳ ನಡುವೆ ಒಂದು ಹಳೆಯ ದ್ವಾರವಿದೆ. ಅದರ ಹೆಸರು ಪೋರ್ಟಾ ಅಸಿನಾರಿಯ. ಪಕ್ಕದ ಬೀದಿಯಲ್ಲಿ ಹಳೆಯ ಬಟ್ಟೆ ಮಾರುವ ಸಂತೆ. ದ್ವಾರದ ಕಡೆಗೆ ತಿರುಗಿ ನೋಡುವವರು ಕಡಮೆ. 536ರ ಡಿಸೆಂಬರಿನಲ್ಲಿ ಜಸ್ಟಿನಿಯನ್ನನ ಸೇನಾಪತಿ ಬೆಲಿಸಾರಿಯಸ್ ಈ ಬಾಗಿಲಿನಿಂದ ಒಳಗೆ ಬಂದನು. ಅದೇ ದಿನ ಗಾಥರ ಕಾವಲುಪಡೆ ಊರಿನ ಇನ್ನೊಂದು ತುದಿಯ ಬಾಗಿಲಿನಿಂದ ಹೊರಗೆ ಹೋಯಿತು. ಹತ್ತು ವರ್ಷಗಳ ತರುವಾಯ, 546ರ ಡಿಸೆಂಬರಿನಲ್ಲಿ, ಕಾವಲಿನ ಸೈನಿಕರೇ ರಾತ್ರಿಯಲ್ಲಿ ಇದೇ ಬಾಗಿಲನ್ನು ತೆರೆದು ಗಾಥ್ ದೊರೆ ಟೋಟಿಲನನ್ನು ಬರಮಾಡಿಕೊಂಡರು. ಆಗ ಊರಿನಲ್ಲಿ ಉಳಿದಿದ್ದ ಸಾಮಾನ್ಯ ಜನ ಬರಿಯ ಐನೂರು ಎಂದು ಪ್ರೊಕೋಪಿಯಸ್ ಬರೆದಿದ್ದಾನೆ. ತನ್ನ ಉಚ್ಛ್ರಾಯಕಾಲದಲ್ಲಿ ಸುಮಾರು ಹತ್ತು ಲಕ್ಷ ಜನ ಬಾಳಿದರೆನ್ನಲಾದ ನಗರವದು! ಆ ಸಂಖ್ಯೆಯಲ್ಲಿ ಎಷ್ಟು ಉತ್ಪ್ರೇಕ್ಷೆಯನ್ನು ಕಳೆದರೂ, ದ್ವಾರದ ನೆರಳಿನಲ್ಲಿ ನಿಂತಾಗ ಎದೆ ಭಾರವಾಗದೆ ಇರದು.

ಈ ಎರಡು ಡಿಸೆಂಬರುಗಳ ನಡುವೆ ಇನ್ನೂ ಘೋರವಾದುದು ನಡೆಯಿತು. 537ರ ಮಾರ್ಚಿಯಿಂದ ಒಂದು ವರ್ಷ ಗಾಥರು ರೋಮನ್ನು ಮುತ್ತಿದರು. ಟೈಬರ್ ನದಿಯ ದಡದ ಹೇಡ್ರಿಯನ್ನನ ಸಮಾಧಿಯ ಮೇಲಿನಿಂದ ಕಾವಲುಗಾರರು ಅಮೃತಶಿಲೆಯ ವಿಗ್ರಹಗಳನ್ನೇ ಒಡೆದು ಶತ್ರುಗಳ ತಲೆಯ ಮೇಲೆ ಎಸೆದರು. ಗಾಥರು ಊರಿಗೆ ನೀರು ತರುತ್ತಿದ್ದ ಮೇಲ್ಗಾಲುವೆಗಳನ್ನು ಕಡಿದರು. ಬೆಲಿಸಾರಿಯಸ್ ಒಳಗಿನಿಂದ ಅವುಗಳ ಬಾಯನ್ನು ಕಟ್ಟಿಸಿದನು. ಅವನ ಸೈನಿಕರೇ ಹಿಂದಿನ ವರ್ಷ ನೇಪಲ್ಸ್ ನಗರವನ್ನು ಹೊಕ್ಕದ್ದು ಒಂದು ಬರಿದಾದ ನೀರುಗಾಲುವೆಯೊಳಗಿಂದ. ಕಳ್ಳದಾರಿಯ ಗುಟ್ಟು ಅವನಿಗೆ ಗೊತ್ತಿತ್ತು. ನೀರು ನಿಂತು ಹಿಟ್ಟಿನ ಗಿರಣಿಗಳೂ ನಿಂತಾಗ ಅವನು ದೋಣಿಗಳ ನಡುವೆ ಚಕ್ರವನ್ನು ಕಟ್ಟಿ, ಹೊಳೆಯ ಸೆಳವಿನಿಂದಲೇ ಹಿಟ್ಟು ಬೀಸಿಸಿದನು. ಪ್ಯಾಡ್‌ವೇ ಕಂಡಿದ್ದರೆ ಮೆಚ್ಚಿಕೊಳ್ಳುತ್ತಿದ್ದ ಉಪಾಯ. ಭವಿಷ್ಯದಿಂದ ಯಾರೂ ಬಂದು ಕಲಿಸದೆ ಆ ಕಾಲದವರೇ ಕಂಡುಕೊಂಡದ್ದು.

ಕಾದಂಬರಿಕಾರನಿಗೂ ಅವನ ನಾಯಕನಿಗೂ ತಿಳಿದಿರದ ಕೆಲವು ಸಂಗತಿಗಳು ನಮಗೆ ಈಗ ತಿಳಿದಿವೆ. 536ರಲ್ಲಿ ವರ್ಷವೆಲ್ಲ ಸೂರ್ಯನು ಚಂದ್ರನಂತೆ ಮಂಕಾಗಿದ್ದನೆಂದು ಪ್ರೊಕೋಪಿಯಸ್ ಬರೆದದ್ದನ್ನು ಹಿಂದೆ ಹಲವರು ಕವಿಸಮಯವೆಂದೇ ಬಗೆದಿರಬೇಕು. 1980ರ ದಶಕದಿಂದೀಚೆಗೆ ಧ್ರುವಪ್ರದೇಶಗಳ ಹಿಮದ ಪದರಗಳನ್ನೂ ಮರಗಳ ಬಳೆಗೆರೆಗಳನ್ನೂ ಪರೀಕ್ಷಿಸಿದ ವಿಜ್ಞಾನಿಗಳು ಅದು ಅಗ್ನಿಪರ್ವತದ ಧೂಳು ಆಕಾಶವನ್ನು ಕವಿದ ಕಾಲವೆಂದು ತೋರಿಸಿದ್ದಾರೆ. ಬೆಳೆ ಕೆಟ್ಟಿತು, ಚಳಿ ಹೆಚ್ಚಿತು. 541ರಲ್ಲಿ ಮಹಾಮಾರಿ ಬಂದಿತು. ಅದು ಪ್ಲೇಗೇ ಎಂಬುದನ್ನು ಆ ಕಾಲದ ಅಸ್ಥಿಗಳಲ್ಲಿ ದೊರೆತ ರೋಗಾಣುವಿನ ಅಂಶವೇ ಸಾರಿದೆ. ಪ್ಯಾಡ್‌ವೇಯ ವೃತ್ತಪತ್ರಿಕೆ ಈ ಸುದ್ದಿಯನ್ನು ಅಚ್ಚುಹಾಕಬಹುದಾಗಿತ್ತು, ಮೋಡವನ್ನು ಸರಿಸಲಾಗುತ್ತಿರಲಿಲ್ಲ.

ಇದೇ ಬಗೆಯ ಇನ್ನೊಂದು ಕಥೆಯನ್ನು ಇಲ್ಲಿ ನೆನೆಯಬೇಕು. ಮುಂದೆ 1983ರಲ್ಲಿ ನೊಬೆಲ್ ಬಹುಮಾನ ಪಡೆದ ವಿಲಿಯಂ ಗೋಲ್ಡಿಂಗ್ 1956ರಲ್ಲಿ 'ಎನ್ವಾಯ್ ಎಕ್ಸ್‌ಟ್ರಾರ್ಡಿನರಿ' ಎಂಬ ನೀಳ್ಗತೆಯನ್ನು ಬರೆದನು. ಅದರಲ್ಲಿ ಫ್ಯಾನೊಕ್ಲಿಸ್ ಎಂಬ ಬುದ್ಧಿವಂತನು ರೋಮಿನ ಚಕ್ರವರ್ತಿಯ ಮುಂದೆ ಉಗಿಹಡಗು, ಸಿಡಿಗುಂಡು, ಮುದ್ರಣ ಎಲ್ಲವನ್ನೂ ತಂದಿಡುತ್ತಾನೆ. ಮುದಿ ಚಕ್ರವರ್ತಿಗೆ ಮನಸ್ಸಿಗೆ ಬಂದದ್ದು ಒಂದೇ, ಪ್ರೆಷರ್ ಕುಕ್ಕರ್! ಲೋಕದ ಅರೆಬೆಂದ ಬರಹವೆಲ್ಲ ಅಚ್ಚಾಗಿ ತನ್ನ ಮುಂದೆ ರಾಶಿ ಬೀಳುವುದೆಂದು ಹೆದರಿ, ಅವನು ಆ ಬುದ್ಧಿವಂತನನ್ನೇ ಚೀನಾ ದೇಶಕ್ಕೆ ರಾಯಭಾರಿಯಾಗಿ ಸಾಗಹಾಕುತ್ತಾನೆ. ಡಿ ಕ್ಯಾಂಪನದು ಒಬ್ಬನ ಜಾಣ್ಮೆಯಿಂದ ಲೋಕ ತಿರುಗೀತೆಂಬ ಭರವಸೆ; ಗೋಲ್ಡಿಂಗನದು ಲೋಕ ತನಗೆ ಬೇಕಾದುದನ್ನು ಮಾತ್ರ ತೆಗೆದುಕೊಂಡೀತೆಂಬ ನಗು. ಕುಕ್ಕರನ್ನು ಆರಿಸಿಕೊಂಡ ಚಕ್ರವರ್ತಿಯ ವಿವೇಕವನ್ನು ನನ್ನಾಕೆ ಬಹಳವಾಗಿ ಮೆಚ್ಚಿಕೊಂಡಳೆಂಬುದನ್ನು ಇಲ್ಲಿ ದಾಖಲೆ ಮಾಡುವುದು ನ್ಯಾಯ.

ಸಂಜೆ ನಾವು ಟ್ರೆವಿ ಕಾರಂಜಿಯ ಬಳಿಗೆ ಬಂದೆವು. 1762ರಲ್ಲಿ ಮುಗಿದ ಈ ಕಾರಂಜಿಗೆ ಬರುವ ನೀರು ಕ್ರಿ. ಪೂ. 19ರಲ್ಲಿ ಅಗ್ರಿಪ್ಪ ತೋಡಿಸಿದ 'ವರ್ಗೊ' ಕಾಲುವೆಯ ವಂಶದ್ದು. ಬಹುಮಟ್ಟಿಗೆ ನೆಲದೊಳಗೇ ಹರಿಯುವ ಕಾಲುವೆಯಾದುದರಿಂದ ಮಿಕ್ಕವು ಕಮಾನುಗಳೊಂದಿಗೆ ಕುಸಿದಾಗಲೂ ಇದನ್ನು ಮತ್ತೆ ಮತ್ತೆ ಸರಿಪಡಿಸಿಕೊಳ್ಳಲು ಸಾಧ್ಯವಾಯಿತು. ಎಂಟನೆಯ ಶತಮಾನದಲ್ಲಿ ಒಬ್ಬ ಪೋಪನು ದುರಸ್ತಿ ಮಾಡಿಸಿದನು, 1453ರಲ್ಲಿ ಇನ್ನೊಬ್ಬನು. ಅವರ ಹೆಸರುಗಳಾದರೂ ಗ್ರಂಥಗಳಲ್ಲಿವೆ. ನೆಲದೊಳಗೆ ಇಳಿದು, ಹೂಳೆತ್ತಿ, ಒಡಕಿಗೆ ಗಾರೆ ಮೆತ್ತಿದ ಕೂಲಿಯವರ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ. ಪ್ಯಾಡ್‌ವೇಯಂತೆ ಅವರಿಗೆ ಮುಂದಿನದು ತಿಳಿದಿರಲಿಲ್ಲ. ಮೇಲಿನ ಬೀದಿಯಲ್ಲಿ ನೀರಿಲ್ಲವೆಂಬುದೊಂದೇ ತಿಳಿದಿತ್ತು. ಕತ್ತಲೆ ಕವಿಯಿತೆಂದು ಇತಿಹಾಸಗಳು ಹೇಳುವ ಶತಮಾನಗಳಲ್ಲಿ ನಡೆದ ಕೆಲಸವದು.

ನಮ್ಮ ಸುತ್ತಲೂ ನಾನಾ ದೇಶಗಳ ಜನ ಬೆನ್ನು ತಿರುಗಿಸಿ ನಿಂತು, ಹೆಗಲ ಮೇಲಿನಿಂದ ನೀರಿಗೆ ನಾಣ್ಯ ಎಸೆಯುತ್ತಿದ್ದರು. ಹಾಗೆ ಎಸೆದವರು ರೋಮಿಗೆ ಮರಳಿ ಬರುತ್ತಾರೆಂಬ ನಂಬಿಕೆಯಿದೆ. ನನ್ನಾಕೆ ಒಂದು ನಾಣ್ಯವನ್ನು ಕೈಯಲ್ಲಿ ಹಿಡಿದು ಕ್ಷಣಕಾಲ ಯೋಚಿಸಿ, "ಮರಳಿ ಬರುವುದೇನೋ ಸರಿ, ಯಾವ ಇಸವಿಗೆ ಎಂಬುದನ್ನೂ ಹೇಳಿ ಎಸೆಯಬೇಕಲ್ಲವೆ?" ಎಂದಳು. ಈ ಶತಮಾನವನ್ನೇ ಸ್ಪಷ್ಟವಾಗಿ ಸಂಕಲ್ಪ ಮಾಡಿಕೊಂಡು ಎಸೆದೆವು.