ಅರವತ್ತಾರರ ಹಾದಿಯಲ್ಲಿ ಕಾಗದದ ನಕ್ಷೆ

ಅಮೆರಿಕದ ರಸ್ತೆಗಳಲ್ಲಿ ‘ರೂಟ್ 66’ರಷ್ಟು ಹೆಸರು ಮಾಡಿದ್ದು ಬಹುಶಃ ಇನ್ನೊಂದಿಲ್ಲ. ಮಿಷಿಗನ್ ಸರೋವರದ ದಂಡೆಯ ಷಿಕಾಗೋದಿಂದ ಪೆಸಿಫಿಕ್ ಕಡಲಂಚಿನ ಸಾಂತಾ ಮೋನಿಕಾದವರೆಗೆ ಎಂಟು ರಾಜ್ಯಗಳನ್ನು ಹಾಯುವ ಸುಮಾರು 3,900 ಕಿ.ಮೀ. ಉದ್ದದ ದಾರಿ ಅದು. ಹುಟ್ಟಿದ್ದು 1926ರ ನವೆಂಬರ್ 11ರಂದು. ಮೂವತ್ತರ ದಶಕದಲ್ಲಿ ದೂಳಿನ ಬಿರುಗಾಳಿಗೆ ಹೊಲ ಕಳೆದುಕೊಂಡ ರೈತರು ಹಳೇ ಕಾರುಗಳ ಮೇಲೆ ಹಾಸಿಗೆ, ಪಾತ್ರೆಪಗಡ ಹೇರಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಗುಳೆ ಹೋದದ್ದು ಇದೇ ದಾರಿಯಲ್ಲಿ.

ಇಷ್ಟು ಪ್ರಸಿದ್ಧವಾದ ರಸ್ತೆ ಈಗ ಸರ್ಕಾರದ ಹೆದ್ದಾರಿ ಪಟ್ಟಿಯಲ್ಲಿಲ್ಲ! 1985ರ ಜೂನ್‌ನಲ್ಲಿ ಅದರ ಸಂಖ್ಯೆಯನ್ನೇ ರದ್ದು ಮಾಡಲಾಯಿತು. ಹೊಸ ಅಂತರರಾಜ್ಯ ಹೆದ್ದಾರಿಗಳು ಅದರ ಕೆಲಸವನ್ನು ವಹಿಸಿಕೊಂಡಿದ್ದವು. ಉಳಿದಿರುವ ಹಳೆಯ ದಾರಿ ಕೆಲವೆಡೆ ಊರಿನ ಪೇಟೆಬೀದಿ, ಕೆಲವೆಡೆ ಹೆದ್ದಾರಿ ಪಕ್ಕದ ಸಣ್ಣ ರಸ್ತೆ, ಕೆಲವೆಡೆ ಹುಲ್ಲು ಬೆಳೆದ ಕಾಂಕ್ರೀಟ್ ತುಣುಕು. ಸಾಲದ್ದಕ್ಕೆ ಕಾಲಕಾಲಕ್ಕೆ ಅದು ಜಾಗವನ್ನೂ ಬದಲಿಸಿದೆ. ನ್ಯೂ ಮೆಕ್ಸಿಕೋದಲ್ಲಿ 1937ರವರೆಗೆ ಸಾಂತಾ ಫೆ ಪಟ್ಟಣವನ್ನು ಸುತ್ತಿ ಬರುತ್ತಿದ್ದ ದಾರಿ, ಆಮೇಲೆ ನೇರವಾಗಿ ಆಲ್ಬುಕರ್ಕಿಗೆ ಹೊರಳಿತು. ಹಾಗಾಗಿ ಹೊರಡುವವರು ಮೊದಲು ‘ಯಾವ ವರ್ಷದ ಅರವತ್ತಾರು?’ ಎಂದು ಕೇಳಿಕೊಳ್ಳಬೇಕು.

ಕಾರಿನಲ್ಲಿರುವ ಜಿಪಿಎಸ್ ಯಂತ್ರ ಇದನ್ನು ಕೇಳುವುದಿಲ್ಲ. ಅದು ಕೇಳುವುದು ಒಂದೇ ಪ್ರಶ್ನೆ: ಎಲ್ಲಿಗೆ?

ಇಲ್ಲಿ ಒಂದು ವಿಷಯವನ್ನು ಬಿಡಿಸಿ ನೋಡಬೇಕು. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳಿಗೆ ನಮ್ಮ ರಸ್ತೆಗಳ ಗೊಡವೆಯೇ ಇಲ್ಲ. ಅವು ಕಳಿಸುವುದು ತಾವಿರುವ ಜಾಗ ಮತ್ತು ಸಮಯದ ಸಂಕೇತಗಳನ್ನು ಮಾತ್ರ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಹಿಡಿದು ನಾವು ಎಲ್ಲಿದ್ದೇವೆಂದು ಯಂತ್ರ ಲೆಕ್ಕ ಹಾಕುತ್ತದೆ. ಆ ಲೆಕ್ಕ ಬಹಳ ಮಟ್ಟಿಗೆ ನಿಖರ. ದಾರಿ ಆರಿಸುವುದು ಬೇರೆಯೇ ಲೆಕ್ಕ. ಅಲ್ಲಿ ಯಂತ್ರದ ಕಣ್ಣು ಸಾಮಾನ್ಯವಾಗಿ ಕಡಿಮೆ ಸಮಯದ ಮೇಲೆ.

ಅರಿಜೋನಾ ರಾಜ್ಯದ ಕಿಂಗ್ಮನ್‌ನಿಂದ ಸೆಲಿಗ್ಮನ್‌ವರೆಗಿನ ದಾರಿಯನ್ನೇ ನೋಡಿ. ಅಂತರರಾಜ್ಯ ಹೆದ್ದಾರಿ 40ರಲ್ಲಿ ಸುಮಾರು 110 ಕಿ.ಮೀ.; ಹಳೆಯ ದಾರಿಯಲ್ಲಿ ಸುಮಾರು 140. ಸೆಲಿಗ್ಮನ್ ಎಂದು ಒತ್ತಿದರೆ ಯಂತ್ರ ಹೆದ್ದಾರಿಯನ್ನೇ ತೋರಿಸುತ್ತದೆ. ಅದರ ಪ್ರಕಾರ ಹಳೆಯ ದಾರಿ ವ್ಯರ್ಥ ಸುತ್ತು.

ಕಾಗದದ ನಕ್ಷೆಯನ್ನು ಹರಡಿ ಕುಳಿತರೆ ಆ ಸುತ್ತಿನ ಕಾರಣ ಕಾಣಿಸುತ್ತದೆ. ಹಳೆಯ ದಾರಿಯ ಜೊತೆಜೊತೆಗೇ ರೈಲುಹಳಿ ಉತ್ತರಕ್ಕೆ ಬಾಗುತ್ತದೆ. ನಡುವೆ ಪೀಚ್ ಸ್ಪ್ರಿಂಗ್ಸ್ ಎಂಬ ಊರು. ಹೆಸರೇ ಹೇಳುವಂತೆ ಅಲ್ಲಿ ನೀರಿನ ಒರತೆಗಳಿದ್ದವು. ಮರುಭೂಮಿಯಲ್ಲಿ ಉಗಿಬಂಡಿಗೆ ನೀರು ಬೇಕಿತ್ತು. ನೀರಿನ ಹಿಂದೆ ರೈಲು, ರೈಲಿನ ಹಿಂದೆ ರಸ್ತೆ, ರಸ್ತೆಯ ಹಿಂದೆ ಅಂಗಡಿ, ವಸತಿಗೃಹ. ಅಂಗೈಯಗಲದ ಪರದೆ ಮುಂದಿನ ತಿರುವನ್ನು ತೋರಿಸೀತು. ಈ ಸಂಬಂಧಗಳು ಕಾಣಬೇಕಾದರೆ ಹಾಳೆ ಅಗಲವಾಗಿರಬೇಕು.

ಇದು ಕೇವಲ ಹವ್ಯಾಸಿಗಳ ಜಗಳವಲ್ಲ. 1978ರ ಸೆಪ್ಟೆಂಬರ್ 22ರಂದು ಹೊಸ ಹೆದ್ದಾರಿ ತೆರೆದಾಗ ಸೆಲಿಗ್ಮನ್ ಪೇಟೆಬೀದಿಯ ವಾಹನಸಂಚಾರ ಒಂದೇ ದಿನದಲ್ಲಿ ನಿಂತುಹೋಯಿತು. ಆ ಊರಿನ ಕ್ಷೌರಿಕ ಏಂಜೆಲ್ ಡೆಲ್ಗಡಿಲ್ಲೊ ಸುಮ್ಮನೆ ಕೂರಲಿಲ್ಲ. ಊರವರನ್ನು, ನೆರೆಯೂರಿನವರನ್ನು ಕೂಡಿಸಿ 1987ರಲ್ಲಿ ಸಂಘ ಕಟ್ಟಿದರು. ಅದೇ ವರ್ಷ ರಾಜ್ಯ ಸರ್ಕಾರ ಸೆಲಿಗ್ಮನ್‌–ಕಿಂಗ್ಮನ್ ದಾರಿಯನ್ನು ‘ಐತಿಹಾಸಿಕ’ ಎಂದು ಘೋಷಿಸಿತು. ಪ್ರವಾಸಿಗರು ಮತ್ತೆ ಬರತೊಡಗಿದರು, ಅಂಗಡಿಗಳಲ್ಲಿ ದೀಪ ಹತ್ತಿತು. ಅವಸರದ ಯಂತ್ರವೋ, 1978ರಲ್ಲಿ ಹೆದ್ದಾರಿ ಮಾಡಿದ್ದನ್ನೇ ಒಂದೊಂದು ಕಾರಿಗೂ ಹೊಸದಾಗಿ ಮಾಡುತ್ತದೆ: ಊರನ್ನು ಬದಿಗೆ ಸರಿಸಿ ಮುಂದೆ ಕಳಿಸುತ್ತದೆ.

ಹಾಗೆಂದು ಯಂತ್ರವನ್ನು ಎಸೆಯಬೇಕಿಲ್ಲ. ಕಾಗದ ಅಚ್ಚಾದ ವರ್ಷದ ಸತ್ಯವನ್ನಷ್ಟೇ ಹೇಳುತ್ತದೆ. ಆಮೇಲೆ ಮುಚ್ಚಿದ ಸೇತುವೆಯ ಸುದ್ದಿ ಅದಕ್ಕೆ ತಿಳಿಯದು. ಸೇಂಟ್ ಲೂಯಿಯಂಥ ದೊಡ್ಡ ನಗರದ ದಟ್ಟಣೆಯಲ್ಲಿ ನಕ್ಷೆ ಬಿಡಿಸಿಕೊಂಡು ಓಡಿಸುವುದು ಅಪಾಯ. ನಾಮಫಲಕವನ್ನು ನಂಬೋಣವೆಂದರೆ, ‘66’ರ ಫಲಕಗಳನ್ನು ನೆನಪಿನ ಕಾಣಿಕೆಯೆಂದು ಕದ್ದೊಯ್ಯುವವರೇ ಹೆಚ್ಚಾಗಿ, ಹಲವೆಡೆ ಗುರುತನ್ನು ರಸ್ತೆಯ ಮೇಲೇ ಬಣ್ಣದಲ್ಲಿ ಬರೆದಿದ್ದಾರೆ!

ಎರಡನ್ನೂ ಕೂಡಿಸಿಕೊಳ್ಳುವುದೇ ಜಾಣತನ. ಈ ದಾರಿಗೆಂದೇ ಜೆರ್ರಿ ಮೆಕ್ಲಾನಹನ್ ಬರೆದ ‘ಇಝೀ 66 ಗೈಡ್’ ಎಂಬ ಸುರುಳಿತಂತಿಯ ಪುಸ್ತಕವಿದೆ. ತಿರುವು ತಿರುವಿಗೂ ಸೂಚನೆಗಳು. ರಾತ್ರಿ ವಸತಿಗೃಹದಲ್ಲಿ ಅದನ್ನು ನೋಡಿ ಮರುದಿನದ ದಾರಿ ಗೊತ್ತುಮಾಡಿಕೊಳ್ಳಿ. ಯಂತ್ರಕ್ಕೆ ಕೊನೆಯ ಊರೊಂದನ್ನೇ ಹೇಳಬೇಡಿ. ಹ್ಯಾಕ್‌ಬೆರ್ರಿ, ಟ್ರಕ್ಸ್‌ಟನ್, ಪೀಚ್ ಸ್ಪ್ರಿಂಗ್ಸ್ ಎಂದು ನಡುವಿನ ಊರುಗಳನ್ನೂ ಒಂದೊಂದಾಗಿ ಹೇಳಿ. ಫೋನನ್ನೇ ನೆಚ್ಚಿದ್ದರೆ ಆ ಭಾಗದ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ. ಮರುಭೂಮಿಯಲ್ಲಿ ಉಪಗ್ರಹ ಸಿಕ್ಕರೂ ಫೋನಿನ ಸಿಗ್ನಲ್ ಸಿಗದಿರಬಹುದು.

ಮಗನ ಮನೆಗೋ ಮಗಳ ಮನೆಗೋ ಎಂದು ಅಮೆರಿಕಕ್ಕೆ ಹೋದ ನಮ್ಮವರು ಲಾಸ್ ವೇಗಸ್‌ನಿಂದ ಗ್ರ್ಯಾಂಡ್ ಕ್ಯಾನ್ಯನ್ ನೋಡಲು ಕಾರಿನಲ್ಲಿ ಹೊರಡುವುದುಂಟು. ಆ ದಾರಿ ಕಿಂಗ್ಮನ್ ಮೇಲೇ ಹಾಯುತ್ತದೆ. ಅಲ್ಲಿ ಅರ್ಧ ದಿನ ಹೆಚ್ಚಿಗೆ ಇಟ್ಟುಕೊಂಡು ಹಳೆಯ ದಾರಿಗೆ ಹೊರಳಿ. ಎಲ್ಲಿದ್ದೇವೆಂದು ಉಪಗ್ರಹ ಹೇಳಲಿ. ಯಾವ ದಾರಿ ಹಿಡಿಯಬೇಕೆಂಬುದನ್ನು ಮಾತ್ರ ನೀವೇ ನಕ್ಷೆ ನೋಡಿ ನಿರ್ಧರಿಸಿ. ಮೂವತ್ತು ಕಿಲೋಮೀಟರ್ ಹೆಚ್ಚಾದೀತು. ಸೆಲಿಗ್ಮನ್‌ನಲ್ಲಿ ಇಳಿದು ಒಂದು ಲೋಟ ಕಾಫಿ ಕುಡಿದರೆ ಆ ಊರಿಗೂ ನಿಮಗೂ ಲಾಭವೇ.